ನಾಲ್ಕು ನಿಮಿಷದ ಮನೆ

ನಲವತ್ತಿರಬೇಕು, ಗಣತಿಯವನು ಸೊನ್ನೆ ನುಂಗಿಹಾಕಿದ್ದಾನೆ ಎಂದುಕೊಂಡು ಅವನು ಕನ್ನಡಕ ಒರೆಸಿ ಸಮೀಕ್ಷೆಯ ಹಾಳೆಯನ್ನು ಮತ್ತೆ ನೋಡಿದ. ನಾಲ್ಕೇ. ಪಕ್ಕದಲ್ಲಿ ಅಕ್ಷರದಲ್ಲೂ ಬರೆದಿತ್ತು: ನಾಲ್ಕು ನಿಮಿಷ.

ಪ್ರಶ್ನೆ ಹದಿನೇಳು: ದಿನಕ್ಕೆ ಮನೆಯವರು ತಮ್ಮತಮ್ಮಲ್ಲಿ ಎಷ್ಟು ನಿಮಿಷ ಮಾತಾಡುತ್ತೀರಿ? ಪ್ರಶ್ನೆ ಅವನದೇ. ಕೆಲವು ಕಟ್ಟಡಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಯ ಎರಡು ಸಾವಿರ ಮನೆಗಳನ್ನು ಕೇಳಿ, ನಗರದ ನಾಲ್ಕು ಲಕ್ಷ ಮನೆಗಳ ಹಣೆಬರಹ ಹೇಳಿಬಿಡುವುದು ಅವನ ಕಸುಬು. ಒಂದೊಂದು ಮನೆ ಇನ್ನೂರು ಮನೆಗಳ ಪರವಾಗಿ ಮಾತಾಡುತ್ತದೆ. ಮಾತಾಡದಿದ್ದರೆ ಇನ್ನೂರರ ಪರವಾಗಿ ಸುಮ್ಮನಿರುತ್ತದೆ.

ಹಾಳೆಯಲ್ಲಿ ಹೆಸರಿರಲಿಲ್ಲ. ಹೆಸರಿರಬಾರದೆಂಬ ನಿಯಮವೂ ಅವನದೇ. ಆದರೆ ತನ್ನದೇ ಬೀದಿ, ಮೂರನೇ ಮಹಡಿ, ಗಂಡನಿಗೆ ಐವತ್ತೆರಡು, ಹೆಂಡತಿಗೆ ನಲವತ್ತೆಂಟು, ಮಕ್ಕಳಿಲ್ಲ. ಗಂಡನ ಕೆಲಸ: 'ಏನೋ ಲೆಕ್ಕ ಹಾಕುತ್ತಾರೆ.' ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳು ಅವನ ವಿದ್ವತ್ತಿಗೆ ಕೊಟ್ಟ ಸರ್ಟಿಫಿಕೇಟು. ಕೆಳಗೆ ಷರಾದಲ್ಲಿ ಗಣತಿಯವನ ದುಂಡನೆಯ ಅಕ್ಷರ: 'ಪ್ರಶ್ನೆಗಳು ಮುಗಿದ ಮೇಲೂ, ಇನ್ನೇನಾದರೂ ಕೇಳುವುದಿದೆಯಾ ಎಂದು ಮನೆಯಾಕೆ ಎರಡು ಸಲ ವಿಚಾರಿಸಿದರು.'



ಎಲ್ಲ ಮನೆಗಳನ್ನೂ ಸಾಲಾಗಿ ನಿಲ್ಲಿಸಿದರೆ ತನ್ನದು ನಟ್ಟನಡುವೆ ನಿಲ್ಲುತ್ತದೆಂದು ಅವನು ಯಾವ ಸಮೀಕ್ಷೆಯೂ ಇಲ್ಲದೆ ನಂಬಿಕೊಂಡಿದ್ದ. ಮಧ್ಯಾಂಕವೇ ಮರ್ಯಾದಸ್ಥರ ಜಾಗ ಎಂದು ತರಬೇತಿಗೆ ಬಂದವರ ಮುಂದೆ ಭಾಷಣ ಬೇರೆ ಬಿಗಿಯುತ್ತಿದ್ದ. ಈಗ ನೋಡಿದರೆ ಸಾಲಿನ ಕಟ್ಟಕಡೆಯಲ್ಲಿ ನಿಂತಿದ್ದಾನೆ ಮಹಾನುಭಾವ.

ನಕ್ಷೆ ಬರೆಯುವ ಸಹೋದ್ಯೋಗಿ ಬಂದು ಮೇಜಿಗೆ ಒರಗಿದ. ಕಚೇರಿಯಲ್ಲಿ ಅವನಿಗೆ 'ಗೆರೆ' ಎಂದೇ ಹೆಸರು.

"ಸಾರ್, ಕಡಿಮೆ ಮಾತಾಡೋ ಮನೆಗಳು, ಆ ತಳದ ಹತ್ತರಲ್ಲೊಂದು ಪಾಲು, ಎಷ್ಟು ನಿಮಿಷಕ್ಕೆ ನಿಲ್ಲುತ್ತೆ ಹೇಳಿದ್ರೆ ನಕ್ಷೆ ಮುಗಿಸ್ತೀನಿ."

"ಒಂದು ಹಾಳೆ ಮೇಲೆ ಅನುಮಾನ ಇದೆ."

ಗೆರೆ ಬಗ್ಗಿ ನೋಡಿ ನಕ್ಕ. "ನಾಲ್ಕಾ? ಸುಳ್ಳಿರಬೇಕು ಬಿಡಿ. ಉಪ್ಪು ಕೊಡು, ಬಾಗಿಲು ಹಾಕ್ಕೋ ಅಂದ್ರೂ ಅಷ್ಟಾಗುತ್ತೆ."

"ಅಷ್ಟೇ ಅಂದಿರಬಹುದು."

"ತಪ್ಪು ಅಂತ ಗುರುತು ಹಾಕಿ ಸಾರ್. ಅದರ ಜಾಗಕ್ಕೆ ಪಕ್ಕದ ಮನೆ ಉತ್ತರ ತುಂಬಿಕೊಳ್ಳುತ್ತೆ. ನೀವೇ ಮಾಡಿದ ನಿಯಮ ಅಲ್ವಾ?"

ಇವನು ಪಕ್ಕದ ಮನೆಯ ಹಾಳೆ ತೆಗೆದ. ನೂರ ಮೂವತ್ತು ನಿಮಿಷ. ಗೋಡೆಯಾಚೆಯ ಆ ಗದ್ದಲದ ಸಂಸಾರ. ಅವರ ನಗು ತಡೆಯಲಾರದೆ ಇವನು ಎಷ್ಟೋ ಸಲ ಗೋಡೆ ಗುದ್ದಿದ್ದ.

ನಾಲ್ಕು ಎನ್ನುವುದು ಅವಳು ಬಾಯಿಬಿಟ್ಟು ಹೇಳಿದ ಮಾತು. ತನಗಲ್ಲ, ಗುರುತಿಲ್ಲದ ಯಾರಿಗೋ, ಆದರೂ ಹೇಳಿದ್ದಳು. ಅಳಿಸಿದರೆ ಅವಳು ಹೇಳಿದ್ದಕ್ಕೆ ಎಲ್ಲಿಯೂ ಗುರುತಿರುವುದಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಪಡುತ್ತಲೇ 'ತಪ್ಪು' ಎಂದು ಗುರುತು ಹಾಕಿದ. ತಳದ ಪಾಲಿನ ಗಡಿ ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು. ನಕ್ಷೆ ಚೆನ್ನಾಗಿ ಬಂದಿದೆ ಎಂದು ಗೆರೆಯ ಬೆನ್ನು ತಟ್ಟಿದ.

ಸಂಜೆ ಹೆಂಡತಿ ಬಾಗಿಲು ತೆಗೆದಳು. ದಾರಿಯುದ್ದಕ್ಕೂ ಅವನು ಒಂದು ಮಾತು ಸಿದ್ಧಮಾಡಿಕೊಂಡು ಬಂದಿದ್ದ.

"ಯಾರಾದ್ರೂ ಏನಾದ್ರೂ ಕೇಳ್ಕೊಂಡು ಬಂದಿದ್ರಾ?"

"ಹೋದ ತಿಂಗಳು."

"ಹೇಳಲೇ ಇಲ್ಲ."

"ನೀವು ಕೇಳಲಿಲ್ಲ."

"ಏನೇನು ಹೇಳಿದೆ ಅವರಿಗೆ?"

ಅವಳು ಅವನ ಮುಖ ನೋಡಿದಳು. "ಬರ್ಕೊಂಡು ಹೋದ್ರಲ್ಲ. ಎಲ್ಲೋ ಇರುತ್ತೆ ಬಿಡಿ."

"ಇರುತ್ತೆ," ಎಂದ.

ಕೈಗಡಿಯಾರ ನೋಡಿಕೊಂಡ. ಒಂದು ನಿಮಿಷವೂ ಆಗಿರಲಿಲ್ಲ. ಇನ್ನೇನಾದರೂ ಕೇಳಬೇಕೆಂದು ತಡಕಾಡಿದ. ಊರಿಗೆಲ್ಲ ಪ್ರಶ್ನೆ ಬರೆದುಕೊಡುವವನಿಗೆ ಒಂದೂ ಸಿಗಲಿಲ್ಲ. ಪತ್ರಿಕೆ ಬಿಡಿಸಿದ.

ಗೋಡೆಯಾಚೆ ಮಾತು ಶುರುವಾಯಿತು. ಅವಳು ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡಳು. ಅದರ ಕಾಲುಗಳು ನೆಲದಲ್ಲಿ ಆಗಲೇ ಸವೆದು ಮೂಡಿದ್ದ ಗೀರುಗಳ ಮೇಲೆಯೇ ಸರಿದವು. ಆ ಗೀರುಗಳನ್ನು ಅವನು ಇವತ್ತೇ ನೋಡಿದ್ದು.

"ದಿನವೆಲ್ಲ ಏನು ಮಾಡಿದೆ?" ಎಂದು ಆಚೆ ಮನೆಯ ಗಂಡ ತನ್ನ ಹೆಂಡತಿಯನ್ನು ಕೇಳುತ್ತಿದ್ದ.

"ಏನಿಲ್ಲ," ಎಂದು ಇವಳು ಗೋಡೆಗೆ ಮೆಲ್ಲನೆ ಹೇಳಿದಳು. "ಬಟ್ಟೆ ಮಡಿಸಿದೆ."