ನಂದಿ ಹೂವಿನ ಪರಾಗ

ಮಂದಾಕಿನಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಅದರ ಕೆಳಗಿನ ಕನ್ನಡಿಯನ್ನು ಕಿಟಕಿಯ ಬೆಳಕಿನತ್ತ ಇನ್ನಷ್ಟು ತಿರುಗಿಸಿ ಮತ್ತೆ ನೋಡಿದಳು. ಕಂಡದ್ದು ಅದೇ. ನೇರಲೆಯ ಪುಟ್ಟ ಮೂರು ಮೂಲೆಯ ಕಣಗಳು, ಅವುಗಳ ನಡುವೆ ಒಳಕಾಡಿನ ನಂದಿ ಹೂವಿನ ಉಬ್ಬು ಗೆರೆಗಳ ದುಂಡು ಕಣಗಳು. ಉಪ್ಪುನೀರಿನ ಕಾಂಡ್ಲಾ ಗಿಡದ್ದೆಂದು ಹೇಳಬಹುದಾದ ಒಂದು ಕಣವೂ ಆ ಗಾಜಿನ ಪಟ್ಟಿಯ ಮೇಲೆ ಇರಲಿಲ್ಲ.

ಹೊರಗೆ ಜಗಲಿಯಲ್ಲಿ ಇಬ್ಬರು ಕಾಯುತ್ತಿದ್ದರು. ಒಬ್ಬರು ಅಂಕೋಲೆಯ ವಕೀಲ ಹರಿಶ್ಚಂದ್ರರಾಯರು, ಇನ್ನೊಬ್ಬಳು ಹಿಲ್ಲೂರಿನ ಹೊನ್ನಿ. ರಿಜರ್ವ್ ಕಾಡಿನಲ್ಲಿ ಜೇನು ಕಿತ್ತನೆಂದು ಹೊನ್ನಿಯ ಗಂಡ ಹುಲಿಯಾನ ಮೇಲೆ ರೇಂಜರು ಕೇಸು ಹಾಕಿದ್ದರು. ಕಾಡಿನೊಳಗೆ ಅವನನ್ನು ಯಾರೂ ಕಂಡಿರಲಿಲ್ಲ. ಹಿಡಿದದ್ದು ರಸ್ತೆಯಲ್ಲಿ, ಜೇನಿನ ಗಡಿಗೆಯ ಸಮೇತ. ಕದ್ವಾಡದ ತಂಗಿಯ ಮನೆಗೆ ಹೋಗಿದ್ದಾಗ ಕಾಳಿ ಹೊಳೆಯ ದಂಡೆಯ ಕಾಂಡ್ಲಾ ಗಿಡಗಳಿಂದ ಕಿತ್ತು ತಂದದ್ದೆಂದು ಹುಲಿಯಾ ಹೇಳಿಕೆ ಕೊಟ್ಟಿದ್ದ.

ಈ ಕೆಲಸಕ್ಕೆ ಮಂದಾಕಿನಿಯನ್ನು ಯಾರೂ ಕರೆದಿರಲಿಲ್ಲ. ಕಾರವಾರದ ಮಂಗೇಶರಾಯರ ಮಗಳು ಪುಣೆಯಲ್ಲಿ ಸಸ್ಯಶಾಸ್ತ್ರ ಓದಿ ಬಂದು ಅಂಕೋಲೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಹೂವಿನ ಪರಾಗ ಕೆಸರಿನಲ್ಲಿ ಹೂತರೆ ತಲೆತಲಾಂತರ ಕೆಡದೆ ಉಳಿಯುತ್ತದೆ, ಜೇನಿನೊಳಗಿನ ಪರಾಗ ನೋಡಿ ಹುಳ ಯಾವ ಮರದ ಮೇಲೆ ಕೂತಿತ್ತೆಂದು ಹೇಳಬಹುದು ಎಂದು ಅವಳ ಪ್ರೊಫೆಸರರು ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅಂದಿನಿಂದ ರಜೆ ಬಂದರೆ ಸಾಕು, ಸದಾಶಿವಗಡದಿಂದ ಹಿಲ್ಲೂರಿನವರೆಗೆ ಹೂ ಬಿಟ್ಟ ಮರಗಳನ್ನು ಹುಡುಕಿಕೊಂಡು ತಿರುಗುತ್ತಿದ್ದಳು. ಅವಳ ಕಪಾಟಿನ ತುಂಬ ಗಾಜಿನ ಪಟ್ಟಿಗಳು. ಮದುವೆಯ ವಯಸ್ಸು ದಾಟಿದವಳು ಧೂಳು ಕೂಡಿಡುತ್ತಾಳೆ ಎಂದು ಕೇರಿಯಲ್ಲಿ ಆಡಿಕೊಳ್ಳುವುದು ಅವಳಿಗೆ ಗೊತ್ತಿತ್ತು. ಹುಲಿಯಾನ ಸುದ್ದಿ ಕೇಳಿದಾಗ ತಾನಾಗಿಯೇ ವಕೀಲರ ಮನೆಗೆ ಹೋಗಿ, ಜೇನೇ ಸಾಕ್ಷಿ ಹೇಳುತ್ತದೆ ಎಂದಿದ್ದಳು. ಮ್ಯಾಜಿಸ್ಟ್ರೇಟರಿಗೆ ಇದು ತಮಾಷೆಯೆನಿಸಿ, ಮೊಹರು ಮಾಡಿದ ಗಡಿಗೆಯಿಂದ ಒಂದು ಬಟ್ಟಲು ಜೇನು ಕೊಡಿಸಿದ್ದರು.

ಈಗ ಜೇನು ಸಾಕ್ಷಿ ಹೇಳಿತ್ತು.

ಜಗಲಿಗೆ ಬಂದು ಅವಳು ಕಂಡದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಧ್ವನಿ ಏರಿತು. ನಂದಿ ಮರ ಹೊಳೆಯ ಉಪ್ಪುನೀರಲ್ಲಿ ಬೆಳೆಯುತ್ತದೆಯೇ? ಊರಿನವರೆದುರು, ಕೋರ್ಟಿನವರೆದುರು ತಾನು ಮುಂದೆ ನಿಂತಾಗಿದೆ, ಹುಲಿಯಾ ಸುಳ್ಳು ಹೇಳಿದ್ದು ಯಾಕೆ?

ಹೊನ್ನಿ ತಲೆ ತಗ್ಗಿಸಲಿಲ್ಲ.

"ಸುಳ್ಳು ಹೇಳ್ದದ್ದು ಹೌದು ಅಕ್ಕೋರೆ. ಹಂಗೆ ಹೇಳು ಅಂತ ಹೇಳ್ಕೊಟ್ಟವ್ಳೂ ನಾನೆ. ಮಗ್ಳು ಬೀರಿ ಬಾಳಂತಿ, ಅದ್ಕೆ ಜೇನು ಬೇಕಿತ್ತು. ಆ ನಂದಿ ಮರಕ್ಕೆ ನಮ್ ಮಾವ್ನ ಅಪ್ಪನೂ ಬಳ್ಳಿ ಕಟ್ಟಿ ಹತ್ತದವ. ಕಾಡು ಸರ್ಕಾರದ್ದು ಅಂತ ಕಲ್ಲು ನೆಟ್ಟದ್ದು ಆಮೇಲೆ. ನಿಜ ಹೇಳದ್ರೆ ಕೇಳುವವ್ರು ಇದ್ರೆ ನಿಜಾನೇ ಹೇಳ್ತಿದ್ವು."

ವಕೀಲರು ಗಂಟಲು ಸರಿಪಡಿಸಿಕೊಂಡು, ಈ ಕಣಗಳನ್ನು ಗುರುತಿಸುವವರು ಜಿಲ್ಲೆಯಲ್ಲೇ ಬೇರೆ ಯಾರೂ ಇಲ್ಲವಲ್ಲ ಎಂದರು. ಕಾಂಡ್ಲಾ ಎಂದರೆ ಕಾಂಡ್ಲಾ. ಬಾಳಂತಿಯ ಮನೆಗೆ ಗಂಡಾಳು ಮರಳುತ್ತಾನೆ. ಅಲ್ಲದೆ ಶಾಲೆಯ ಸಮಿತಿಯಲ್ಲಿ ಮ್ಯಾಜಿಸ್ಟ್ರೇಟರೇ ಹಿರಿಯರು, ಅವರೆದುರು ಮಾತು ತಿರುಗಿಸಿ ಗೊಂದಲ ಮಾಡಿಕೊಳ್ಳದಿರುವುದು ಮಂದಾಕಿನಿಬಾಯಿಯವರಿಗೂ ಒಳ್ಳೆಯದು.

"ರಾಯರೆ, ನಾನು ಇಲ್ಲದ್ದನ್ನು ಕಂಡೆ ಅನ್ನುವುದಿಲ್ಲ," ಎಂದಳು ಮಂದಾಕಿನಿ.

ಹೊನ್ನಿ ಎದ್ದು ಹೋದಳು. ಅವಳು ಬೈದಿದ್ದರೆ ಮಂದಾಕಿನಿಗೆ ಸಮಾಧಾನವಾಗುತ್ತಿತ್ತು.

ಮಂದಾಕಿನಿ ಒಳಗೆ ಬಂದಳು. ಹುಲಿಯಾನ ಮೇಲಿನ ಸಿಟ್ಟು ಯಾವಾಗಲೋ ಕರಗಿತ್ತು. ಈಗ ಕಲ್ಲು ನೆಟ್ಟವರ ಮೇಲೆ, ತಮಾಷೆ ನೋಡಲು ಜೇನು ಕೊಡಿಸಿದವರ ಮೇಲೆ, ಕರೆಯದೆ ಹೋಗಿ ಒಬ್ಬನ ಕೊರಳಿಗೆ ಹಗ್ಗ ಹೊಸೆದುಕೊಟ್ಟ ತನ್ನ ಜಾಣತನದ ಮೇಲೆ. ಸಿಟ್ಟಿಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮಿಗೆಂದು ಗೋಡೆಯ ಗೂಡಿನಲ್ಲಿಟ್ಟಿದ್ದ ಬಾಟ್ಲಿಗೆ ಕೈಹಾಕಿ ಚಮಚಕ್ಕೆ ಜೇನು ಬಗ್ಗಿಸಿದವಳು ಹಾಗೆಯೇ ನಿಂತಳು. ಅದನ್ನು ಕಳಿಸಿದ್ದು ಮ್ಯಾಜಿಸ್ಟ್ರೇಟರ ಹೆಂಡತಿ. ಒಳ್ಳೆಯ ಹೆಂಗಸು. ರೇಂಜರು ಪ್ರತಿ ಬೇಸಿಗೆಗೆ ತಾವಾಗಿ ತಂದುಕೊಡುತ್ತಾರೆ, ಮನೆಯಲ್ಲಿ ಖರ್ಚೇ ಆಗುವುದಿಲ್ಲ ಎಂದು ನಕ್ಕು ಹೇಳಿದ್ದರು.

ಮಂದಾಕಿನಿ ಚಮಚವನ್ನು ಬಾಯಿಗಿಡಲಿಲ್ಲ. ಬಿಸಿನೀರಿನಲ್ಲಿ ಜೇನು ಕರಗಿಸಿ, ತಳಕ್ಕೆ ಇಳಿಯಲು ಬಿಟ್ಟು, ತಿಳಿಯನ್ನು ಚೆಲ್ಲಿ, ಉಳಿದ ಗಸಿಯ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು ನೋಡಿದಳು. ನೇರಲೆ. ನಂದಿ. ಮತ್ತೆ ನಂದಿ.

ಮರುದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸೊಬ್ಬಳು ಯಂತ್ರದಲ್ಲಿ ಜೇನು ನೋಡಿ ಕಳ್ಳನನ್ನು ಹೇಳುತ್ತಾಳಂತೆ ಎಂಬ ಸುದ್ದಿ ಹಬ್ಬಿತ್ತು. ಮ್ಯಾಜಿಸ್ಟ್ರೇಟರು ನಗುತ್ತಲೇ, ನಿಮ್ಮ ಜೇನುಹುಳ ಏನು ಹೇಳಿತು ಎಂದು ಕೇಳಿದರು. ಜನ ನಕ್ಕರು.

ಇದು ಕಾಂಡ್ಲಾ ಜೇನಲ್ಲ, ಒಳಕಾಡಿನದು ಎಂದಳು ಮಂದಾಕಿನಿ. ಕಟಕಟೆಯಲ್ಲಿದ್ದ ಹುಲಿಯಾ ಅವಳನ್ನೊಮ್ಮೆ ನೋಡಿ ಕಿಟಕಿಯತ್ತ ತಿರುಗಿದ. ರೇಂಜರು ಮೀಸೆ ಸವರಿಕೊಂಡರು. ವಿದ್ಯಾವಂತ ಹೆಂಗಸರು ಹೀಗಿರಬೇಕು ಎಂದು ಮ್ಯಾಜಿಸ್ಟ್ರೇಟರು ಮೆಚ್ಚಿ, ಹೋಗಬಹುದು ಎಂದರು.

ಅವಳು ಹೋಗಲಿಲ್ಲ.

"ಇನ್ನೊಂದು ಪಟ್ಟಿ ಇದೆ. ಇದೂ ಒಳಕಾಡಿನದೇ ಜೇನು, ಇದರಲ್ಲೂ ಅದೇ ನಂದಿ. ಕಾಡಿನ ಜೇನು ಕಿತ್ತವನಿಗೆ ಶಿಕ್ಷೆ ಇದ್ದರೆ ಇದನ್ನು ಕಿತ್ತವರಿಗೂ ಇರಬೇಕಲ್ಲ?"

"ಅದೆಲ್ಲಿಯದು?"

"ತಮ್ಮ ಮನೆಯದು ಸಾಹೇಬರೆ. ರೇಂಜರು ತಂದುಕೊಟ್ಟದ್ದು."

ಮ್ಯಾಜಿಸ್ಟ್ರೇಟರ ಕಿವಿ ಕೆಂಪಾಯಿತು. ಮಂದಾಕಿನಿ ಸೂಕ್ಷ್ಮದರ್ಶಕವನ್ನು ಅವರ ಮೇಜಿನ ಅಂಚಿನಲ್ಲಿಟ್ಟಳು. ಎರಡು ಪಟ್ಟಿಗಳನ್ನೂ ತಂದಿದ್ದೇನೆ, ತಾವೇ ನೋಡಿ, ನಾನು ಹೇಳಿದ್ದು ಸುಳ್ಳಾದರೆ ಹುಲಿಯಾನ ಜೊತೆ ನನ್ನನ್ನೂ ಒಳಗೆ ಹಾಕಿ ಎಂದಳು. ಅವರು ಬಗ್ಗಿ ನೋಡಲಿಲ್ಲ. ಮೇಜಿನ ಮೇಲಿನದನ್ನು ತೆಗೆಯಿರಿ ಎಂದರು. ಕೇಸಿಗೆ ಸಂಬಂಧಪಡದ ಮಾತು ಬರೆದುಕೊಳ್ಳಬೇಡಿ ಎಂದು ಗುಮಾಸ್ತನಿಗೆ ಹೇಳಿದರು. ರೇಂಜರು ಮೀಸೆಯಿಂದ ಕೈ ತೆಗೆದಿದ್ದರು, ಅಷ್ಟೆ. ಊಟದ ಹೊತ್ತಿಗೆ ಮೊದಲೇ ತೀರ್ಪಾಯಿತು. ಹುಲಿಯಾನಿಗೆ ಒಂದು ತಿಂಗಳ ಸಜೆ.

ಪೊಲೀಸರು ಅವನನ್ನು ಕಾರವಾರಕ್ಕೆ ಒಯ್ಯಲು ಹೊರಗೆ ತಂದಾಗ, ಹೊನ್ನಿ ಅವನ ಹಿಂದೆ ಗೇಟಿನವರೆಗೆ ಹೋಗಿ ನಿಂತಳು. ಮಂದಾಕಿನಿ ಸೂಕ್ಷ್ಮದರ್ಶಕವನ್ನು ಎತ್ತಿಕೊಂಡು ಕೋರ್ಟಿನ ಜಗಲಿಗೆ ಬಂದು, ಅಲ್ಲಿದ್ದ ಬೆಂಚಿನ ಮೇಲೆ ಇಳಿಸಿದಳು. ಶಾಲೆಯ ಕೆಲಸ ಉಳಿಯುವುದಿಲ್ಲವೆಂದು ವಕೀಲರು ಕಿವಿಯ ಹತ್ತಿರ ಹೇಳಿ ಹೋಗಿದ್ದರು. ಅದು ಅವಳಿಗೂ ಗೊತ್ತಿತ್ತು.

ಗೇಟಿನಿಂದ ಹೊನ್ನಿ ನೇರ ಅವಳ ಹತ್ತಿರ ಬಂದಳು. ಬೈಯಲು ಬಂದಳೆಂದು ಮಂದಾಕಿನಿ ಎದ್ದು ನಿಂತಳು.

"ಅವ್ರು ನೋಡುದಿಲ್ಲ ಅಂದ್ರಲ್ಲ, ಅದ್ನ ನಂಗೆ ತೋರ್ಸಿ ಅಕ್ಕೋರೆ."

ಮಂದಾಕಿನಿ ಪಟ್ಟಿ ಇಟ್ಟು ಕನ್ನಡಿ ತಿರುಗಿಸಿದಳು. ಹೊನ್ನಿ ಕೊರಳಿನ ಮಣಿಸರಗಳನ್ನು ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಬಗ್ಗಿದಳು. ಒಂದು ಕಣ್ಣು ಮುಚ್ಚಲು ಅವಳಿಗೆ ಬರಲಿಲ್ಲ. ಮಂದಾಕಿನಿ ಆ ಕಣ್ಣಿನ ಮೇಲೆ ತನ್ನ ಅಂಗೈ ಇಟ್ಟಳು. ಎಲ್ಲ ಕಪ್ಪು ಎಂದಳು ಹೊನ್ನಿ. ಅವಳ ಹಿಂದೆ ಆಗಲೇ ಮೂರ್ನಾಲ್ಕು ಜನ ಬಂದು ನಿಂತಿದ್ದರು, ಮೆಟ್ಟಿಲ ಕೆಳಗಿನಿಂದ ಇನ್ನೂ ಕೆಲವರು ಹತ್ತಿ ಬರುತ್ತಿದ್ದರು.

ಅವರನ್ನು ಚದುರಿಸಲು ಒಳಗಿನಿಂದ ಕಳಿಸಿದ್ದ ಕೋರ್ಟಿನ ಪಟ್ಟೆವಾಲಾ ದುರ್ಗಪ್ಪ ಬೆಂಚಿನ ಎದುರು ಬಂದು ನಿಂತಿದ್ದ. ಒಮ್ಮೆ ಒಳಗೆ ನೋಡಿದ, ಒಮ್ಮೆ ಕನ್ನಡಿಯನ್ನು ನೋಡಿದ. ಆಮೇಲೆ ಬೆಳಕಿಗೆ ತಾನೇ ಅಡ್ಡವಾಗಿದ್ದವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಂತುಕೊಂಡ.