ಅಮ್ಮನ ಧ್ವನಿಗೆ ಪ್ರತಿ ಇರಲಿಲ್ಲ

ದರ್ಜಿ ಅಕ್ಕನ ಫೋನಿಗೆ ಬೆಳಿಗ್ಗೆ ಒಂದು ಕರೆ ಬಂತು.

"ನಾನು ನಿಮ್ಮ ಹಳೇ ಗಿರಾಕಿ. ನನಗೆ ಬರಬೇಕಾದ ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ. ಸ್ವಲ್ಪ ಓದಿ ಹೇಳ್ತೀರಾ?"

ಅಕ್ಕನ ಕೈಯಲ್ಲಿ ಕತ್ತರಿ, ಮುಂದೆ ಅರ್ಧ ಕತ್ತರಿಸಿದ ಬಟ್ಟೆ. ಓದಿ ಹೇಳಿಬಿಟ್ಟಳು. ಆ ಕೋಡಿನಿಂದ ಕಳ್ಳರು ಅವಳ ಮೆಸೇಜ್ ಖಾತೆಗೆ ನುಗ್ಗಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಹೆಸರಲ್ಲಿ ಗಿರಾಕಿಗಳಿಗೆಲ್ಲ 'ಆಸ್ಪತ್ರೆಯಲ್ಲಿದ್ದೇನೆ, ಹಣ ಕಳಿಸಿ' ಎಂಬ ಸಂದೇಶ ಹೋಗತೊಡಗಿತು. ಗಾಬರಿಯಲ್ಲಿ ಅವಳು ಫೋನಿನಿಂದ ಮೆಸೇಜಿನ ಆ್ಯಪನ್ನೇ ಅಳಿಸಿದಳು. ನಾಚಿಕೆಗೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ತಂಗಿಗೆ ಹೇಳಲಂತೂ ಮುಖವೇ ಇರಲಿಲ್ಲ. ತಂಗಿ ದೊಡ್ಡ ಕಂಪನಿಯೊಂದರಲ್ಲಿ ಮಾಹಿತಿ ಭದ್ರತೆಯ ಮುಖ್ಯಸ್ಥೆ. ಪಾಸ್‌ವರ್ಡ್ ಮರೆತವರ ಫೋನ್ ಎತ್ತುವ ಕೆಲಸದಿಂದ ಶುರುಮಾಡಿದವಳು. ಆಮೇಲೆ ಪಾಳಿಯಲ್ಲಿ ಕೂತು ಕಂಪ್ಯೂಟರಿನ ಎಚ್ಚರಿಕೆಗಳ ಮೇಲೆ ಕಣ್ಣಿಟ್ಟಳು, ಕಳ್ಳರು ನುಗ್ಗಿದ ದಾರಿ ಹುಡುಕುವುದನ್ನು ಕಲಿತಳು, ಇಪ್ಪತ್ತು ವರ್ಷ ದುಡಿದ ಮೇಲೆ ಆ ಕುರ್ಚಿಗೆ ಬಂದಳು. ಅಮ್ಮ ಫೋನ್ ಮಾಡಿದಾಗಲೆಲ್ಲ "ಮೀಟಿಂಗಲ್ಲಿದೀನಮ್ಮಾ, ಆಮೇಲೆ ಮಾಡ್ತೀನಿ" ಎನ್ನುತ್ತಿದ್ದಳು. ಹಾಗಾಗಿ ಅವಳಿಗೆ ಹೇಳಬೇಕಾದ್ದನ್ನೆಲ್ಲ ಅಮ್ಮ ಅಕ್ಕನ ಫೋನಿಗೆ ಧ್ವನಿ ಸಂದೇಶ ಮಾಡಿ ಕಳಿಸುತ್ತಿದ್ದಳು. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಅವಳ ಫೋನೂ ಕೆಟ್ಟುಹೋಗಿತ್ತು.

ಆ ವಾರ ತಂಗಿ ರಜೆಯ ಮೇಲೆ ಬಂದಳು.

"ಅಕ್ಕಾ, ಅಮ್ಮನ ಮಾತು ಹಾಕೇ. ಈ ಸಲ ಎಲ್ಲಾ ಕೂತು ಕೇಳ್ತೀನಿ."

ಅಕ್ಕ ಅತ್ತುಬಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಆ್ಯಪಿನ ಜೊತೆ ಅಮ್ಮನ ಸಂದೇಶಗಳೂ ಅಳಿಸಿಹೋಗಿದ್ದವು. "ಬೈದುಬಿಡೇ ಪುಟ್ಟಿ."

ತಂಗಿ ಅಕ್ಕನ ಫೋನನ್ನು ಕೈಗೆ ತೆಗೆದುಕೊಂಡಳು.

"ಬೈಯಲ್ಲ ಕಣೇ. ನಮ್ಮ ಆಫೀಸಲ್ಲಿ ದೊಡ್ಡ ದೊಡ್ಡೋರೇ ಕೋಡ್ ಕೊಟ್ಟು ಬೆಪ್ಪಾಗಿದಾರೆ. ಬೈದ್ರೆ ಮುಂದಿನ ಸಲ ಮುಚ್ಚಿಡ್ತಾರೆ, ಅಷ್ಟೆ. ಆದ್ರೆ ಆಗ್ಲೇ ನಂಗೊಂದು ಮಾತು ಹೇಳಿದ್ರೆ ಅಳಿಸ್ಬೇಡ ಅಂತಿದ್ದೆ."

"ಪಿನ್ ಹಾಕ್ಕೋ ಅಂತ ನೀನು ಹೋದ ಸಲವೇ ಹೇಳಿದ್ದೆ. ನನ್ನ ಫೋನಲ್ಲಿ ಕದಿಯೋಕೆ ಏನಿದೆ ಅಂತ ಗೊಣಗಿ ನಿನ್ನ ಮಾತು ಕೇಳ್ಲೇ ಇಲ್ಲ."

"ನಿನ್ನ ಹೆಸರಿತ್ತಲ್ಲ. ಅದನ್ನ ನಂಬೋ ಜನ ಇದ್ರಲ್ಲ."

ಇಬ್ಬರೂ ಕೂತು ಗಿರಾಕಿಗಳಿಗೆಲ್ಲ ಫೋನ್ ಮಾಡಿ ಎಚ್ಚರಿಸಿದರು. ತಂಗಿ ಖಾತೆಯನ್ನು ಮರಳಿ ಪಡೆದಳು. ಎರಡನೇ ಬೀಗದ ಹಾಗೆ ಒಂದು ಪಿನ್ ಹಾಕಿಸಿದಳು. ಈ ಸಲ ಅಕ್ಕ ಗೊಣಗಲಿಲ್ಲ. ಆದರೆ ಅಮ್ಮನ ಸಂದೇಶಗಳ ಪ್ರತಿ ಎಲ್ಲೂ ಇರಲಿಲ್ಲ. ಹಿಂದೊಮ್ಮೆ ಅಕ್ಕ ಚಿಕ್ಕಮ್ಮನಿಗೆ ಕಳಿಸಿದ್ದ ಒಂದೇ ಒಂದು ಉಳಿದಿತ್ತು. ಚಿಕ್ಕಮ್ಮ ಅದನ್ನು ಕಳಿಸಿದಳು. ಅಮ್ಮ ಅಕ್ಕನಿಗೆ ಹೇಳಿದ್ದ ಮಾತು ಅದು.

"ಪುಟ್ಟಿಗೆ ಪದೇ ಪದೇ ಫೋನ್ ಮಾಡ್ಬೇಡ ಕಣೇ, ಪಾಪ, ಕೆಲಸದಲ್ಲಿರ್ತಾಳೆ. ಬಿಡುವಾದಾಗ ಅವಳೇ ಮಾಡ್ತಾಳೆ."

ತಂಗಿ ಅದನ್ನು ಮತ್ತೆ ಮತ್ತೆ ಕೇಳಿದಳು. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಪಕ್ಕದಲ್ಲಿ ಬಂದು ಕೂತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಫೋನಿಗೆ ಬಂದ ಕೋಡನ್ನು ಯಾರು ಕೇಳಿದರೂ ಹೇಳಬೇಡಿ. ಖಾತೆಗೆ ಪಿನ್ ಹಾಕಿಕೊಳ್ಳಿ. ಮೋಸ ಹೋದರೆ ನಾಚಬೇಡಿ, ಏನನ್ನೂ ಅಳಿಸಬೇಡಿ, ತಿಳಿದವರಿಗೆ ಆ ಕ್ಷಣವೇ ಹೇಳಿ. ನಿಮ್ಮವರ ಧ್ವನಿ, ಫೋಟೊಗಳ ಪ್ರತಿಯನ್ನು ಇನ್ನೊಂದು ಕಡೆ ಇಂದೇ ಎತ್ತಿಡಿ. ಅಮ್ಮ ಇನ್ನೂ ಇದ್ದರೆ, ಈಗಲೇ ಒಂದು ಫೋನ್ ಮಾಡಿ.