ಕಟ್ಟಿಗೆಯ ಸೀತಾಫಲ

"ಈ ಕಟ್ಟಿಗಿ ಹಣ್ಣು ಭಾಳ ಹಗುರ ಅದಾವ್ರಿ. ಕೈಯಾಗ ಹಿಡದ ನೋಡ್ರಿ," ಎಂದು ಆಮ್ರಪಾಲಿ ಅನುವಾದ ಮಾಡುವ ಮೊಬೈಲಿಗೆ ಹೇಳಿದಳು. ಮೊಬೈಲು ತುಸು ಹೊತ್ತು ಯೋಚಿಸಿ ಥಾಯ್ ಭಾಷೆಯಲ್ಲಿ ಏನನ್ನೋ ಒದರಿತು. ಬ್ಯಾಂಕಾಕಿನ ಆ ಪೂಜಾ ಸಾಮಾನಿನ ಅಂಗಡಿಯ ಯಜಮಾನಿ ಹುಬ್ಬು ಗಂಟಿಕ್ಕಿ ಹಿಂದೆ ಸರಿದಳು. ಗೋಕಾಕದ ಮಾತು ಆ ಯಂತ್ರಕ್ಕೆ ಏನೆಂದು ಕೇಳಿಸಿತೋ ಯಾರಿಗೆ ಗೊತ್ತು. ಆಮ್ರಪಾಲಿ ಶಾಲೆಯಲ್ಲಿ ಪಾಠ ಓದುವವಳಂತೆ, "ಇವು ಬಹಳ ಹಗುರವಾಗಿವೆ," ಎಂದಳು. ಯಜಮಾನಿ ಅಷ್ಟರಲ್ಲಿ ಕೈ ಅಡ್ಡಡ್ಡ ಆಡಿಸಿ ಗಲ್ಲೆಯ ಮೇಜಿನ ಹಿಂದೆ ಹೋಗಿ ಕುಳಿತಾಗಿತ್ತು.

ಹಿಂದಿ ಬಲ್ಲ ದಲಾಲ ಬೆಳಿಗ್ಗೆ ಹೋಟೆಲಿಗೆ ಬರುತ್ತೇನೆಂದವನು ಬರಲಿಲ್ಲ, ಫೋನೂ ಎತ್ತಲಿಲ್ಲ. ಮಾದರಿ ಹಣ್ಣುಗಳ ಡಬ್ಬಿ ಹಿಡಿದು, ವಿಳಾಸದ ಚೀಟಿ ತೋರಿಸುತ್ತ ಒಬ್ಬಳೇ ಬಂದಿದ್ದಳು. ಇಲ್ಲಿಂದ ತಿರುಗಿ ಹೋಗುವ ದಾರಿಯೂ ಅವಳಿಗೆ ತಿಳಿಯದು.

ಫೋನು ರಿಂಗಾಯಿತು. ಗೋಕಾಕದಿಂದ ಮೈದುನ ವಿಠ್ಠಲ.

"ವೈನಿ, ಏನಾತ್ರಿ?"

"ಇನ್ನೂ ಏನೂ ಆಗಿಲ್ಲಪ್ಪ."

"ದುಬೈಕ ಹೋಗ್ರಿ ಅಂತ ಬಡ್ಕೊಂಡೆ. ಅಲ್ಲಿ ಹಿಂದಿ ನಡೀತೈತಿ, ನಮ್ಮ ಮಂದಿ ಅದಾರ. ನೀವ ಕೇಳ್ಲಿಲ್ಲ."

"ದುಬೈದವ್ರು ನಮ್ಮ ಹಣ್ಣ ಬೇಕಂದಿಲ್ಲ, ವಿಠ್ಠಲ. ಈ ಅಂಗಡಿಯವ್ರು ದಲಾಲನ ಕಡೆ ಫೋಟೋ ನೋಡಿ ಕರ್ಸ್ಯಾರ."

"ಕರ್ಸಿದವ್ರೆಲ್ಲ ತಗೋತಾರೇನ್ರಿ? ಖಾಲಿ ಕೈಲೆ ಬಂದ್ರ ಶೆಡ್ ಮುಚ್ಚೂದ."

ಅದನ್ನು ಅವಳಿಗೆ ನೆನಪಿಸಬೇಕಾಗಿರಲಿಲ್ಲ. ಗೋಕಾಕದ ಆ ತಗಡಿನ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಹಗುರ ಕಟ್ಟಿಗೆ ಕೆತ್ತಿ, ಬಣ್ಣ ಹಚ್ಚಿ, ಮಾವು ಬಾಳೆ ಸೀತಾಫಲ ಮಾಡುತ್ತಿದ್ದರು. ಆರ್ಡರು ಸಿಗದಿದ್ದರೆ ಅವರೆಲ್ಲ ಮತ್ತೆ ಮಂದಿಯ ಕಬ್ಬಿನ ಹೊಲಕ್ಕೆ. ಅವಳ ಅತ್ತೆ ಕರೆವ್ವನೂ ಅವರಲ್ಲೊಬ್ಬಳು. ಮನೆಯವರೆಲ್ಲ ದುಬೈ ದುಬೈ ಎಂದಾಗ, "ಹೋಗಾಕಿ ಆಕಿ, ಊರೂ ಆಕಿನ ಆರಿಸ್ಲಿ," ಎಂದವಳೂ ಅವಳೇ.

ಆಮ್ರಪಾಲಿ ಫೋನು ಇಟ್ಟು ಸುತ್ತ ನೋಡಿದಳು. ಅಂಗಡಿಯ ಮೂಲೆಯಲ್ಲಿ ಬುದ್ಧನ ಮೂರ್ತಿಯಿತ್ತು, ಮುಂದೆ ಒಂದು ತಟ್ಟೆಯಲ್ಲಿ ಬಾಳೆಹಣ್ಣು. ಮನೆಯಲ್ಲಿ ಜ್ವರವಿರಲಿ, ಜಗಳವಿರಲಿ, ಸಂಜೆಯಾದರೆ ಕರೆವ್ವ ಎಲ್ಲರನ್ನೂ ಬುದ್ಧನ ಫೋಟೋದ ಮುಂದೆ ಕೂರಿಸಿ, ಬುದ್ಧ ಧಮ್ಮ ಸಂಘಕ್ಕೆ ಶರಣೆನ್ನುವ ತ್ರಿಸರಣ ಹೇಳಿಸುತ್ತಿದ್ದಳು. ಅದೇ ರೂಢಿಯಲ್ಲಿ ಆಮ್ರಪಾಲಿ ಯಾರನ್ನೂ ಕೇಳದೆ ನೆಲದ ಮೇಲೆ ಕುಳಿತು, ಕಣ್ಣು ಮುಚ್ಚಿ ಗುನುಗತೊಡಗಿದಳು. ಏನಾದರೂ ಒಳ್ಳೆಯದಾದೀತು ಎಂದಲ್ಲ, ಬೇರೇನು ಮಾಡಬೇಕೆಂದು ತೋಚಲಿಲ್ಲ.

ಎರಡನೆಯ ಸಾಲಿಗೆ ಬೆನ್ನ ಹಿಂದೆ ಇನ್ನೊಂದು ದನಿ ಕೇಳಿತು. ಪರರ ಅಂಗಡಿಯಲ್ಲಿ ಹೀಗೆ ಕುಳಿತದ್ದಕ್ಕೆ ಯಜಮಾನಿ ಬೈಯುತ್ತಿದ್ದಾಳೆಯೇ? ಆದರೆ ದನಿ ಇವಳ ಜೊತೆಗೇ ಏರಿತು, ಇವಳು ನಿಂತಲ್ಲಿ ನಿಂತಿತು. ರಾಗ ಬೇರೆ, ಉಚ್ಚಾರ ಬೇರೆ, ಪಾಲಿ ಭಾಷೆಯ ಶಬ್ದಗಳು ಅವೇ. ಇಬ್ಬರೂ ಮೂರು ಸಲ ಹೇಳಿ ಮುಗಿಸಿದರು. ಕಣ್ಣು ತೆರೆದಾಗ ಯಜಮಾನಿ ಪಕ್ಕದಲ್ಲೇ ಕಾಲು ಮಡಚಿ ಕುಳಿತಿದ್ದಳು.

ಅವಳು ಎದ್ದು ತಟ್ಟೆಯಲ್ಲಿದ್ದ ಕಪ್ಪಾದ ಬಾಳೆಹಣ್ಣು ತೆಗೆದಳು. ಪ್ರಸಾದ ಕೊಡುತ್ತಿದ್ದಾಳೆಂದು ಆಮ್ರಪಾಲಿ ಎರಡೂ ಕೈ ಒಡ್ಡಿದಳು. ಯಜಮಾನಿ ನಕ್ಕು, ಅಲ್ಲವೆಂದು ತಲೆಯಾಡಿಸಿ, ತಟ್ಟೆ ಒರೆಸಿ ಅವಳ ಮುಂದೆ ಹಿಡಿದಳು. ಕಣ್ಣಿನಲ್ಲೇ ಅವಳ ಡಬ್ಬಿ ತೋರಿಸಿದಳು.

ಆಮ್ರಪಾಲಿ ಡಬ್ಬಿಯಿಂದ ಕಟ್ಟಿಗೆಯ ಸೀತಾಫಲವೊಂದನ್ನು ತೆಗೆದಿಟ್ಟಳು. ಯಜಮಾನಿ ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು, ಮೂಸಿಯೂ ನೋಡಿದಳು. ತಟ್ಟೆಯನ್ನು ಮೂರ್ತಿಯ ಮುಂದಿಟ್ಟು ಬಾಗಿಲ ತನಕ ಹೋಗಿ ದೂರದಿಂದ ದಿಟ್ಟಿಸಿದಳು. ಆಮೇಲೆ ಒಳಗೆ ಹೋದಳು.

ಒಳಗಿನಿಂದ ಯಜಮಾನಿ ಎದೆಯೆತ್ತರ ಖಾಲಿ ತಟ್ಟೆಗಳನ್ನು ಹೊತ್ತು ತಂದು, ಗಲ್ಲೆಯ ಉದ್ದಕ್ಕೂ ಒಂದೊಂದಾಗಿ ಜೋಡಿಸತೊಡಗಿದಳು. ಗಲ್ಲೆ ತುಂಬಿದ ಮೇಲೆ ನೆಲದ ಮೇಲೂ ಇಟ್ಟಳು. ಅಷ್ಟಕ್ಕೂ ಹಣ್ಣು ಬೇಕೆಂಬಂತೆ ತಟ್ಟೆಗಳ ಸಾಲಿಗೂ ಡಬ್ಬಿಗೂ ಬೆರಳು ಮಾಡಿ ತೋರಿಸಿದಳು.

ಆಮ್ರಪಾಲಿ ಮೊದಲನೆಯ ತಟ್ಟೆಗೆ ಒಂದು ಮಾವಿನಹಣ್ಣು ಇಟ್ಟಳು. ಕಟ್ಟಿಗೆ ತಟ್ಟೆಗೆ ತಾಗಿ ಟಕ್ಕೆಂದು ಸದ್ದಾಯಿತು.